ತಿಂಗಳುಗಳೇ ಇಲ್ಲದ ಆರೋಗ್ಯ ಯೋಜನೆ

ನಮ್ಮ ಗ್ರಾಮ ಪಂಚಾಯಿತಿಯ ಮುಂದಿನ ಸಾಲಿನ ಅಭಿವೃದ್ಧಿ ಯೋಜನೆಯಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ ಭಾಗದ ಕರಡನ್ನು ಓದಿ ಅಭಿಪ್ರಾಯ ಬರೆದುಕೊಡುವ ಕೆಲಸ ಈ ಸಲ ನನ್ನ ಪಾಲಿಗೆ ಬಂದಿತ್ತು. ನಾನು ವೈದ್ಯನಲ್ಲ, ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು, ಊರಿನ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸದಸ್ಯ ಎಂಬುದಷ್ಟೇ ನನ್ನ ಅರ್ಹತೆ. ಪಂಚಾಯಿತಿಯ ಹೆಸರು ಇಲ್ಲಿ ಬೇಡ. ರಾಯಚೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಅರ್ಧ ನೀರಾವರಿ, ಅರ್ಧ ಒಣಬೇಸಾಯ ಇರುವ, ಮೂರು ಹಳ್ಳಿ, ಒಂದು ತಾಂಡಾ, ನಾಲೆ ನೀರು ನಂಬಿ ಹೊರಗಿನಿಂದ ಬಂದ ರೈತರು ನೆಲೆಸಿದ ಒಂದು ಕ್ಯಾಂಪು ಸೇರಿದ ಪಂಚಾಯಿತಿ ಎಂದರೆ ಸಾಕು. ಅಂಥವು ನಮ್ಮ ಕಡೆ ಹತ್ತಾರಿವೆ. ಕರಡು ಓದಿ ಮುಗಿಸಿದ ಮೇಲೆ ಅದರಲ್ಲಿ ಎಲ್ಲಿಯೂ ಒಂದು ತಿಂಗಳ ಹೆಸರಿಲ್ಲವೆಂಬುದು ಗಮನಕ್ಕೆ ಬಂತು. ‘ಪ್ರಸಕ್ತ ಸಾಲಿನಲ್ಲಿ’, ‘ನಿಯಮಿತವಾಗಿ’, ‘ಅಗತ್ಯಕ್ಕನುಗುಣವಾಗಿ’ ಎಂಬ ಮಾತುಗಳು ಪುಟಪುಟದಲ್ಲೂ ಇದ್ದವು. ಆದರೆ ಊರಿನ ಜನ ಯಾವ ತಿಂಗಳು ಊರಲ್ಲಿರುತ್ತಾರೆ, ಯಾವ ತಿಂಗಳು ನಾಲೆಯಲ್ಲಿ ನೀರಿರುತ್ತದೆ, ಯಾವ ತಿಂಗಳು ಹೊಲದಲ್ಲಿ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುತ್ತಾರೆ ಎಂಬ ಯಾವ ಲೆಕ್ಕವೂ ಇರಲಿಲ್ಲ. ನಮ್ಮ ಕಡೆ ಕಾಯಿಲೆ ಬರುವುದು ಈ ಲೆಕ್ಕಕ್ಕೆ ಸರಿಯಾಗಿಯೇ.

ಕರಡಿಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಮೊದಲು ಸಲ್ಲಿಸಿಬಿಡುತ್ತೇನೆ. ಕೆಲವು ವರ್ಷಗಳ ಹಿಂದಿನವರೆಗೆ ಪಂಚಾಯಿತಿ ಯೋಜನೆಯೆಂದರೆ ಸಿ.ಸಿ. ರಸ್ತೆ, ಚರಂಡಿ, ಹೈಮಾಸ್ಟ್ ದೀಪ ಅಷ್ಟೇ ಆಗಿತ್ತು. ಆರೋಗ್ಯ ಎಂಬ ತಲೆಬರಹದ ಕೆಳಗೆ ಫಾಗಿಂಗ್ ಖರ್ಚು ಮತ್ತು ಬ್ಲೀಚಿಂಗ್ ಪೌಡರ್ ಖರೀದಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಪಂಚಾಯಿತಿ ಮಟ್ಟಕ್ಕೆ ಇಳಿಸಿ, ಒಂಬತ್ತು ವಿಷಯಗಳಲ್ಲಿ ‘ಆರೋಗ್ಯಕರ ಗ್ರಾಮ’ವನ್ನೂ ಒಂದಾಗಿ ಸೇರಿಸಿದ ಮೇಲೆ ಗರ್ಭಿಣಿಯರ ನೋಂದಣಿ, ರಕ್ತಹೀನತೆ, ಮಕ್ಕಳ ತೂಕ, ಬಿ.ಪಿ., ಶುಗರ್ ಎಂಬ ಮಾತುಗಳು ಗ್ರಾಮಸಭೆಯಲ್ಲಿ ಕೇಳಿಬರುತ್ತಿವೆ. ರಾಯಚೂರು 2018ರಿಂದ ಕೇಂದ್ರದ ‘ಮಹತ್ವಾಕಾಂಕ್ಷೆಯ ಜಿಲ್ಲೆಗಳ’, ಅಂದರೆ ಹಿಂದುಳಿದಿದ್ದು ಮೇಲೆತ್ತಬೇಕಾದ ಜಿಲ್ಲೆಗಳ, ಪಟ್ಟಿಯಲ್ಲಿದೆ. ಕರ್ನಾಟಕದಿಂದ ಆ ಪಟ್ಟಿಗೆ ಸೇರಿದ್ದು ನಾವು ಮತ್ತು ಯಾದಗಿರಿ. ಆ ಕಾರ್ಯಕ್ರಮದಲ್ಲಿ ಆರೋಗ್ಯ ಮತ್ತು ಪೌಷ್ಟಿಕತೆಗೆ ನೂರಕ್ಕೆ 30ರಷ್ಟು ತೂಕ ಕೊಟ್ಟಿರುವುದರಿಂದ ಮೇಲಿನಿಂದ ಕೆಳಗಿನವರೆಗೆ ಎಲ್ಲರೂ ಅದೇ ಸೂಚ್ಯಂಕಗಳ ಭಾಷೆಯಲ್ಲಿ ಬರೆಯುವುದನ್ನು ಕಲಿತಿದ್ದಾರೆ. ನಮ್ಮ ಕರಡೂ ಆ ಭಾಷೆಯಲ್ಲೇ ಇದೆ. ಅಳೆದದ್ದು ಸುಧಾರಿಸುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಪ್ರತಿ ತಿಂಗಳೂ ಶ್ರೇಯಾಂಕ ಕೊಡುವ ಆ ಪದ್ಧತಿಗೆ ಜನವರಿಯೂ ಒಂದೇ, ಜುಲೈಯೂ ಒಂದೇ. ನಮ್ಮ ತಾಂಡಾಕ್ಕೆ ಹಾಗಲ್ಲ.

ಗುಳೆಯ ವಿಷಯದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಕರಡಿನ ದೊಡ್ಡ ಕೊರತೆ ಇರುವುದು ಅಲ್ಲಿಯೇ. ದಸರಾ, ದೀಪಾವಳಿ ಮುಗಿದು ಮುಂಗಾರಿನ ಬೆಳೆ ಮನೆಗೆ ಬಂದ ಮೇಲೆ ಒಣಬೇಸಾಯದ ಮನೆಗಳ ದುಡಿಯುವ ಕೈಗಳಿಗೆ ಊರಲ್ಲಿ ಕೆಲಸವಿರುವುದಿಲ್ಲ. ಕೆಲವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ, ಕೆಲವರು ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು, ತಾಂಡಾದವರಲ್ಲಿ ಹಲವರು ಕಬ್ಬು ಕಡಿಯಲು ಹೊರಡುತ್ತಾರೆ. ಉಗಾದಿಯ ಹೊತ್ತಿಗೆ ಕೆಲವರು ಮರಳುತ್ತಾರೆ, ಉಳಿದವರು ಬರುವುದು ಮುಂಗಾರಿನ ಮೊದಲ ಮಳೆಗೆ. ಹೋಗುವವರು ಗಂಡಸರಷ್ಟೇ ಅಲ್ಲ. ಗಂಡ, ಹೆಂಡತಿ, ಕೈಗೂಸು, ಕೂಸನ್ನು ಎತ್ತಿಕೊಳ್ಳಲು ಎಂಟು ಹತ್ತು ವರ್ಷದ ಅಕ್ಕ, ಹೀಗೆ ಸಂಸಾರವೇ ಹೊರಡುತ್ತದೆ. ಕರಡಿನಲ್ಲಿ ಮಾತ್ರ 2011ರ ಜನಗಣತಿಯ ಸಂಖ್ಯೆಗೆ ಒಂದಿಷ್ಟು ಸೇರಿಸಿ, ಅಷ್ಟೂ ಜನ ವರ್ಷವಿಡೀ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾರೆ ಎಂಬಂತೆ ಗುರಿ ನಿಗದಿ ಮಾಡಲಾಗಿದೆ.

ಈ ವಿಷಯ ಗೊತ್ತಿರುವವರು ಊರಲ್ಲಿ ಇಲ್ಲವೆಂದಲ್ಲ. ನಮ್ಮ ಆಶಾ ಕಾರ್ಯಕರ್ತೆಯ ಬಳಿ ಇಲಾಖೆಯ ರಿಜಿಸ್ಟರ್ ಅಲ್ಲದೆ ಇನ್ನೊಂದು ನೋಟುಬುಕ್ಕಿದೆ. ಕಂದು ಕಾಗದದ ಹೊದಿಕೆ ಹಾಕಿದ, ಮೂಲೆಗಳು ಮಡಿಚಿಹೋದ ಉದ್ದನೆಯ ಪುಸ್ತಕ. ಪ್ರತಿ ಗರ್ಭಿಣಿಯ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ‘ಗು’ ಎಂದೋ ‘ಮನೆ’ ಎಂದೋ ಬರೆದಿದ್ದಾರೆ. ‘ಗು’ ಇದ್ದ ಕಡೆ ಹೋದ ಊರು, ಕರೆದುಕೊಂಡು ಹೋದ ಮೇಸ್ತ್ರಿಯ ಫೋನ್ ನಂಬರು, ಹೆರಿಗೆಗೆ ತವರಿಗೆ ಬರುತ್ತಾಳೋ ಅಲ್ಲಿಯೇ ಆಗುತ್ತದೋ ಎಂಬ ಟಿಪ್ಪಣಿ ಇದೆ. ಗುಳೆಗೆ ಹೊರಡುವ ಮುನ್ನಾದಿನ ಅವರು ಆ ಮನೆಗಳಿಗೆ ಹೋಗಿ ತಾಯಿ ಕಾರ್ಡಿನ ಎಲ್ಲ ಪುಟಗಳ ಫೋಟೊ ತೆಗೆದು ಗಂಡನ ವಾಟ್ಸ್‌ಆ್ಯಪ್‌ಗೆ ಕಳಿಸುತ್ತಾರೆ, ಕಾರ್ಡು ಟೆಂಟಿನಲ್ಲಿ ಕಳೆದುಹೋದರೂ ಅಲ್ಲಿನ ಆಸ್ಪತ್ರೆಯಲ್ಲಿ ತೋರಿಸಲು ಏನಾದರೂ ಇರಲೆಂದು. ಕರಡಿನ ಗುರಿಯ ಬಗ್ಗೆ ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ರಿಜಿಸ್ಟರ್‌ನ್ಯಾಗ ಎಲ್ಲಾರೂ ಅದಾರ ಸರ್ರೀ, ಊರಾಗ ಇಲ್ಲ ನೋಡ್ರಿ.” ಕರಡು ಬರೆದವರು ಆ ನೋಟುಬುಕ್ಕನ್ನು ಒಮ್ಮೆ ಕೇಳಿ ಪಡೆದಿದ್ದರೆ ಅವರ ಮೊದಲ ನಾಲ್ಕು ಪುಟಗಳು ಬೇರೆಯೇ ರೀತಿ ಇರುತ್ತಿದ್ದವು.

ತಿಂಗಳು ಹಿಡಿದು ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಸಣ್ಣ ಉದಾಹರಣೆ ಜಂತುಹುಳು ಮಾತ್ರೆಯದು. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ವರ್ಷಕ್ಕೆ ಎರಡು ಸಲ ಬರುತ್ತದೆ, ಫೆಬ್ರುವರಿ 10 ಮತ್ತು ಆಗಸ್ಟ್ 10. ಫೆಬ್ರುವರಿಯಲ್ಲಿ ನಮ್ಮ ತಾಂಡಾದ ಮಕ್ಕಳಲ್ಲಿ ಎಷ್ಟೋ ಮಂದಿ ಕಬ್ಬಿನ ಗದ್ದೆಯ ಬದುವಿನಲ್ಲಿರುತ್ತಾರೆ. ತಪ್ಪಿದವರಿಗೆಂದು ಕೆಲ ದಿನ ಬಿಟ್ಟು ಮತ್ತೊಂದು ಸುತ್ತು ಇದ್ದರೂ ಆಗಲೂ ಅವರು ಅಲ್ಲಿಯೇ. ಆಗಸ್ಟಿನಲ್ಲಿ ಎಲ್ಲರೂ ಊರಲ್ಲಿರುತ್ತಾರೆ. ಹಾಗಾಗಿ ನಮ್ಮಂಥ ಪಂಚಾಯಿತಿ ಆಗಸ್ಟಿನ ಸುತ್ತಿನಲ್ಲಿ ಒಂದು ಮಗುವೂ ತಪ್ಪದಂತೆ ನೋಡಿಕೊಳ್ಳಬೇಕು ಎಂದು ಬರೆಯುವುದು ‘ವರ್ಷಕ್ಕೆ ಎರಡು ಬಾರಿ ಮಾತ್ರೆ ವಿತರಣೆ’ ಎಂದು ಬರೆಯುವುದಕ್ಕಿಂತ ಪ್ರಯೋಜನಕಾರಿ. ದಡಾರ, ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಒಂಬತ್ತು ತಿಂಗಳು ತುಂಬಿದ ಮೇಲೆ ಕೊಡುವಂಥದು. ಫೆಬ್ರುವರಿಯಲ್ಲಿ ಹುಟ್ಟಿದ ಕೂಸಿಗೆ ಒಂಬತ್ತು ತುಂಬುವುದು ಗುಳೆಗೆ ಗಂಟು ಕಟ್ಟುವ ನವೆಂಬರಿನಲ್ಲಿ. ಯಾವ ಮನೆಯ ಕೂಸಿಗೆ ಹೀಗಾಗುತ್ತದೆಂದು ಜುಲೈ ತಿಂಗಳಲ್ಲೇ ಪಟ್ಟಿ ಮಾಡಬಹುದು, ಅದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಗರ್ಭಿಣಿಯರ ವಿಷಯದಲ್ಲಿ ನನ್ನ ಸಲಹೆ ಇನ್ನೂ ನೇರವಾಗಿತ್ತು. ದಸರಾಕ್ಕೆ ಮೊದಲು ಪಂಚಾಯಿತಿಯ ಎಲ್ಲ ಗರ್ಭಿಣಿಯರ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಹೊರಡುವವರ ಕೈಗೆ ಅಷ್ಟೂ ತಿಂಗಳಿಗೆ ಆಗುವಷ್ಟು ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳಿಸಬೇಕು. ಗರ್ಭಿಣಿಗೆ 180 ದಿನ ಆ ಮಾತ್ರೆ ಸಲ್ಲಬೇಕೆಂಬುದು ನಿಯಮ; ತಿಂಗಳಿಗೊಮ್ಮೆ ಬಂದು ತೆಗೆದುಕೊಂಡು ಹೋಗಿ ಎಂದರೆ ಗುಂಟೂರಿನಿಂದ ಯಾರು ಬರುತ್ತಾರೆ? ಅಂಗನವಾಡಿಯ ಬಿಸಿಯೂಟಕ್ಕೂ ಇದೇ ಮಾತು ಅನ್ವಯಿಸುತ್ತದೆ. ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಊಟ ಬಡಿಸುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ರಾಜ್ಯವಿಡೀ ಜಾರಿಗೆ ಬರುವ ಮೊದಲು ಪ್ರಾಯೋಗಿಕವಾಗಿ ನಡೆದ ತಾಲ್ಲೂಕುಗಳಲ್ಲಿ ನಮ್ಮ ಜಿಲ್ಲೆಯ ಮಾನ್ವಿಯೂ ಒಂದು. ಆ ಊಟ ಸಿಗುವುದು ಹೆಸರಿರುವ ಅಂಗನವಾಡಿಯಲ್ಲಿ. ಅಂಗನವಾಡಿಗಳ ಲೆಕ್ಕವಿಡುವ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಹೆಸರನ್ನು ಬೇರೆ ಅಂಗನವಾಡಿಗೆ ವರ್ಗಾಯಿಸುವ ಅವಕಾಶವಿದೆ. ಆದರೆ ಕಟ್ಟಡದ ಕೆಲಸ ನಡೆಯುವ ಜಾಗದ ಹತ್ತಿರ ಯಾವ ಅಂಗನವಾಡಿ ಇದೆ ಎಂದು ಹುಡುಕಿ, ಅಲ್ಲಿನ ಕಾರ್ಯಕರ್ತೆಗೆ ಫೋನು ಮಾಡುವವರು ಯಾರು ಎಂಬುದನ್ನು ಯಾರಾದರೂ ಒಬ್ಬರ ಹೆಸರಿಗೆ ಬರೆದಿಡದಿದ್ದರೆ ಆ ಅವಕಾಶ ಆ್ಯಪಿನಲ್ಲಿಯೇ ಉಳಿಯುತ್ತದೆ.

ರಕ್ತಹೀನತೆಯ ಬಗ್ಗೆ ಕರಡು ಒಂದು ಪುಟ ಬರೆದಿದೆ, ಅದು ಚೆನ್ನಾಗಿಯೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು, 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ರಕ್ತಹೀನತೆ ಇತ್ತು. ಅದಕ್ಕಿಂತ ಹಿಂದಿನ ಸಮೀಕ್ಷೆಯಲ್ಲಿ ಇವು 60.9 ಮತ್ತು 44.8 ಇದ್ದವು. ಅಂದರೆ ಇಷ್ಟೆಲ್ಲ ಕಾರ್ಯಕ್ರಮಗಳ ನಡುವೆಯೂ ಅಂಕಿ ಇಳಿಯುವ ಬದಲು ಏರಿದೆ. ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡುವುದನ್ನು 2021ರ ಡಿಸೆಂಬರಿನಲ್ಲಿ ಮೊದಲು ಶುರು ಮಾಡಿದ್ದು ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ. ಆಗ ಪರ ವಿರೋಧದ ಮಾತು ಎಷ್ಟೇ ನಡೆದರೂ ನಮ್ಮ ಶಾಲೆಯ ಮಕ್ಕಳು ಮೊಟ್ಟೆ ಕೊಡುವ ದಿನ ಗೈರುಹಾಜರಾಗುತ್ತಿರಲಿಲ್ಲ, ಇದಕ್ಕಿಂತ ದೊಡ್ಡ ಮತದಾನ ಬೇಕಿಲ್ಲವೆಂದು ನನ್ನ ಅಭಿಪ್ರಾಯ. ಶಾಲೆಗೆ ಬೇಸಿಗೆ ರಜೆ ಬಿದ್ದಾಗ ಮೊಟ್ಟೆಯೂ ಇಲ್ಲ, ವಾರದ ಕಬ್ಬಿಣಾಂಶದ ಮಾತ್ರೆಯೂ ಇಲ್ಲ ಎಂಬುದನ್ನಷ್ಟೇ ಕರಡಿನ ಅಂಚಿನಲ್ಲಿ ಬರೆದೆ.

ಇನ್ನು ಬಿಸಿಲು. ರಾಯಚೂರಿನವನಾಗಿ ಇದನ್ನು ಬರೆಯಲು ಸಂಕೋಚವೆನಿಸುತ್ತದೆ, ಬಿಸಿಲಿನ ಬಗ್ಗೆ ದೂರುವುದೆಂದರೆ ನಮ್ಮ ಕಡೆ ಹವ್ಯಾಸವಿದ್ದಂತೆ. ಆದರೂ ಕರಡಿನಲ್ಲಿ ಬಿಸಿಲು ಎಂಬ ಪದವೇ ಇಲ್ಲದಿರುವುದು ಅಚ್ಚರಿ. ಕಲಬುರಗಿ ವಿಭಾಗದ ಜಿಲ್ಲೆಗಳ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ತೆರೆದಿರುತ್ತವೆ. ಅಂದರೆ ಇಲ್ಲಿನ ಬಿಸಿಲು ಮನುಷ್ಯರ ದೇಹಕ್ಕೆ ಅಪಾಯವೆಂಬುದನ್ನು ಸರ್ಕಾರ ಬಹಳ ಹಿಂದೆಯೇ ಒಪ್ಪಿಕೊಂಡಿದೆ, ಆದರೆ ಆ ಒಪ್ಪಿಗೆ ಫ್ಯಾನಿನ ಕೆಳಗೆ ಕೂರುವವರಿಗೆ ಸೀಮಿತವಾಗಿದೆ. ಅದೇ ಏಪ್ರಿಲ್, ಮೇ ತಿಂಗಳಲ್ಲಿ ಉದ್ಯೋಗ ಖಾತ್ರಿಯ ಹೂಳೆತ್ತುವ ಕೆಲಸ, ಬದು ಹಾಕುವ ಕೆಲಸ ಜೋರಾಗಿ ನಡೆಯುತ್ತದೆ. ಬೇಸಿಗೆಯಲ್ಲಿ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ಕೊಡುವ ಪದ್ಧತಿ ನಮ್ಮ ಭಾಗದಲ್ಲಿ ಇದೆ, ಕೆಲಸದ ಸ್ಥಳದಲ್ಲಿ ನೆರಳು, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂಬುದು ಉದ್ಯೋಗ ಖಾತ್ರಿಯ ನಿಯಮದಲ್ಲಿಯೇ ಇದೆ. ಆರೋಗ್ಯದ ಕರಡಿನಲ್ಲಿ ಇವುಗಳ ಪ್ರಸ್ತಾಪವಿಲ್ಲ, ಏಕೆಂದರೆ ಅವು ಬೇರೆ ಕಡತದಲ್ಲಿವೆ.

ಅಹಮದಾಬಾದಿನಲ್ಲಿ 2010ರ ಬಿಸಿಗಾಳಿಯಲ್ಲಿ ಬಹಳ ಜನ ಸತ್ತ ಮೇಲೆ 2013ರಲ್ಲಿ ಅಲ್ಲಿನ ನಗರಪಾಲಿಕೆ ಬಿಸಿಲಿಗೆಂದೇ ಕ್ರಿಯಾಯೋಜನೆ ರೂಪಿಸಿತು. ಮುನ್ಸೂಚನೆ ಬಂದ ದಿನ ಯಾರು ಯಾರಿಗೆ ಹೇಳಬೇಕು, ಆಸ್ಪತ್ರೆ ಏನು ಸಿದ್ಧ ಮಾಡಿಕೊಂಡಿರಬೇಕು ಎಂಬುದು ಅದರ ತಿರುಳು. ಅಷ್ಟು ದೊಡ್ಡ ವ್ಯವಸ್ಥೆ ನಮಗೆ ಬೇಕಾಗಿಲ್ಲ. ಮಾರ್ಚ್ ಮುಗಿಯುವ ಮೊದಲು ಉಪಕೇಂದ್ರದಲ್ಲಿ ಓ.ಆರ್.ಎಸ್. ಪೊಟ್ಟಣ ತುಂಬಿಟ್ಟುಕೊಳ್ಳುವುದು, ತಗಡಿನ ಛಾವಣಿಯ ಅಂಗನವಾಡಿಯನ್ನು ಆ ಎರಡು ತಿಂಗಳು ಸಮುದಾಯ ಭವನಕ್ಕೆ ಸ್ಥಳಾಂತರಿಸುವುದು, ಕೂಲಿಗೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುವ ‘ಕೂಸಿನ ಮನೆ’ಯಲ್ಲಿ ಮಕ್ಕಳನ್ನು ಬಿಟ್ಟು ಕೆಲಸಕ್ಕೆ ಹೋಗುವ ತಾಯಂದಿರ ಕೆಲಸದ ಹೊತ್ತನ್ನು ಬೆಳಿಗ್ಗೆ ಆರಕ್ಕೆ ಶುರುವಾಗುವಂತೆ ಹೊಂದಿಸುವುದು, ನಲ್ಲಿ ನೀರನ್ನು ಮಧ್ಯಾಹ್ನದ ಬದಲು ನಸುಕಿನಲ್ಲಿ ಬಿಡುವುದು ಸಾಕು. ಕೊನೆಯದನ್ನು ಹೇಳಿದಾಗ ವಾಟರ್‌ಮ್ಯಾನ್ ಮುಖ ಗಂಟಿಕ್ಕಿದ. ವಿದ್ಯುತ್ ಯಾವಾಗ ಬರುತ್ತದೋ ಆಗ ನೀರು ಬಿಡುವುದು ಅವನ ಪಾಡು, ಅವನ ಮಾತೂ ನ್ಯಾಯವೇ.

ನೀರಿನ ವಿಷಯಕ್ಕೆ ಕರಡು ಅತಿ ಹೆಚ್ಚು ಹಣ ಇಟ್ಟಿದೆ, ಹಾಗೆಯೇ ಅತಿ ಹೆಚ್ಚು ಸಮಾಧಾನಪಟ್ಟುಕೊಂಡಿರುವುದೂ ಇಲ್ಲಿಯೇ. ಪಂಚಾಯಿತಿಯ ಮೂರೂ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿದೆ ಎಂದು ಬರೆದು ಆ ಸಾಲಿನ ಮುಂದೆ ‘ಪೂರ್ಣ’ ಎಂದು ನಮೂದಿಸಲಾಗಿದೆ. ನಾನು ಹೋಗಿ ನೋಡಿದ ಘಟಕವೊಂದರಲ್ಲಿ ಕಾಯಿನ್ ಹಾಕುವ ಕಿಂಡಿಗೆ ಟೇಪು ಸುತ್ತಿತ್ತು, ಬಾಗಿಲ ಬಳಿಯ ಬಾಕ್ಸಿಗೆ ಐದು ರೂಪಾಯಿ ಹಾಕಿದರೆ ಒಳಗಿನ ಹುಡುಗ ಕ್ಯಾನು ತುಂಬಿಸಿಕೊಡುತ್ತಿದ್ದ. ಫಿಲ್ಟರಿನ ಮೆಂಬ್ರೇನ್ ಕೊನೆಯ ಸಲ ಯಾವಾಗ ಬದಲಾಯಿತೆಂದು ಅವನಿಗೆ ಗೊತ್ತಿರಲಿಲ್ಲ. ಗೋಡೆಗೆ ಅಂಟಿಸಿದ್ದ ನಿರ್ವಹಣೆಯ ಚೀಟಿಯಲ್ಲಿ ತಾರೀಕಿನ ಕಾಲಂ ಖಾಲಿ ಇತ್ತು. ಘಟಕದಿಂದ ಹೊರಬೀಳುವ ಗಡಸು ನೀರು ಒಂದು ಪೈಪಿನಲ್ಲಿ ನೇರ ಹಿಂದಿನ ತಗ್ಗಿಗೆ ಹೋಗಿ ನಿಲ್ಲುತ್ತಿತ್ತು, ಅಲ್ಲಿ ಎಮ್ಮೆಗಳು ಮಲಗಿದ್ದವು. ಫ್ಲೋರೈಡನ್ನು ಸೋಸಿ ತೆಗೆಯುವ ಯಂತ್ರ ಅದನ್ನು ಎಲ್ಲಿಯೂ ಮಾಯ ಮಾಡುವುದಿಲ್ಲ, ತಗ್ಗಿಗೆ ಬಿಡುತ್ತದೆ. ‘ಪೂರ್ಣ’ ಎಂಬುದು ಕಟ್ಟಡಕ್ಕೆ ಸಲ್ಲುವ ಮಾತು, ನೀರಿಗಲ್ಲ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಆರ್ಸೆನಿಕ್‌ಗೆ ಮಿತಿ 0.01 ಮಿಲಿಗ್ರಾಂ. ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ, ಹಟ್ಟಿಯ ಚಿನ್ನದ ಗಣಿಯ ಸುತ್ತಲಿನ ಪಟ್ಟಿಯಲ್ಲಿ ಆರ್ಸೆನಿಕ್ ಕೂಡ ಪತ್ತೆಯಾಗಿದೆ. ನಾಲೆಯ ನೀರು ಬರುವ ತಿಂಗಳುಗಳಲ್ಲಿ ಕ್ಯಾಂಪಿನವರೂ ಪಕ್ಕದ ಹಳ್ಳಿಯವರೂ ಕೆರೆಗೆ ತುಂಬಿಸಿಕೊಂಡ ನೀರನ್ನು ಬಳಸುತ್ತಾರೆ. ತುಂಗಭದ್ರಾ ಎಡದಂಡೆ ನಾಲೆ ಬಂದ್ ಆದ ಮೇಲೆ ಕೆರೆ ತಳ ಕಂಡು, ಮತ್ತೆ ಬೋರ್‌ವೆಲ್ಲಿಗೆ ಮರಳುತ್ತಾರೆ. ಹೀಗೆ ಒಂದೇ ಮನೆ ವರ್ಷದಲ್ಲಿ ಎರಡು ಬಗೆಯ ನೀರು ಕುಡಿಯುತ್ತದೆ: ಒಂದರ ಅಪಾಯ ರೋಗಾಣು, ಇನ್ನೊಂದರ ಅಪಾಯ ಲವಣ. ಜಲಜೀವನ್ ಮಿಷನ್ನಿನ ಪದ್ಧತಿಯಂತೆ ರೋಗಾಣುವಿನ ಪರೀಕ್ಷೆ ಮಳೆಗಾಲದ ಮೊದಲು ಒಮ್ಮೆ, ನಂತರ ಒಮ್ಮೆ ಆಗಬೇಕು, ರಾಸಾಯನಿಕ ಪರೀಕ್ಷೆ ವರ್ಷಕ್ಕೊಮ್ಮೆ. ಆ ಒಂದು ರಾಸಾಯನಿಕ ಪರೀಕ್ಷೆಯನ್ನು ನಾಲೆ ನೀರು ತುಂಬಿ ಹರಿಯುವ ಅಕ್ಟೋಬರಿನಲ್ಲಿ ಮಾಡಿಸಿದರೆ ಫಲಿತಾಂಶ ಹಸನಾಗಿಯೇ ಬರುತ್ತದೆ. ಮೇ ತಿಂಗಳಲ್ಲಿ ಬೋರ್‌ವೆಲ್ ನೀರು ಕುಡಿಯುವಾಗ ಮಾಡಿಸಬೇಕು, ಆರ್ಸೆನಿಕ್‌ಗೆ ಊರಿನ ಕಿಟ್ ಸಾಲದು, ಪ್ರಯೋಗಾಲಯಕ್ಕೇ ಕಳಿಸಬೇಕು ಎಂದು ಬರೆದೆ. 2022ರ ಮೇ ಕೊನೆ ಮತ್ತು ಜೂನ್ ಮೊದಲಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರಿನಿಂದ ಜನ ಸಾಲುಸಾಲಾಗಿ ವಾಂತಿಭೇದಿಗೆ ತುತ್ತಾಗಿ ಸಾವುಗಳೂ ಸಂಭವಿಸಿದ್ದನ್ನು ಯಾರೂ ಮರೆತಿಲ್ಲ. ಆ ಬೇನೆ ಕಾಣಿಸಿಕೊಂಡದ್ದೂ ಬೇಸಿಗೆ ಮುಗಿದು ಮಳೆ ಶುರುವಾಗುವ ಸಂಧಿಯಲ್ಲಿಯೇ.

ಎಣ್ಣೆ ಹೊಡೆಯುವುದು, ಹಾವು ಕಚ್ಚುವುದು ಇವೆರಡೂ ಕರಡಿನಲ್ಲಿ ಇಲ್ಲ. ಭತ್ತ, ಹತ್ತಿ, ಮೆಣಸಿನಕಾಯಿ ಇರುವ ಕಡೆ ಜುಲೈಯಿಂದ ನವೆಂಬರಿನವರೆಗೆ ಕೂಲಿಗೆ ಎಣ್ಣೆ ಹೊಡೆಯುವವರು ಮುಖಕ್ಕೆ ಟವೆಲ್ಲು ಸುತ್ತಿಕೊಂಡು ದಿನಕ್ಕೆ ಹತ್ತಾರು ಟ್ಯಾಂಕು ಖಾಲಿ ಮಾಡುತ್ತಾರೆ. ಸಂಜೆ ತಲೆಸುತ್ತು, ವಾಂತಿ ಎಂದು ಮೆಡಿಕಲ್ ಶಾಪಿಗೆ ಹೋಗಿ ಮಾತ್ರೆ ನುಂಗಿ ಮಲಗುತ್ತಾರೆ. ಅದು ಯಾವ ರಿಜಿಸ್ಟರಿಗೂ ಬರುವುದಿಲ್ಲ. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ, ಆದ್ದರಿಂದ ಅದಕ್ಕೆ ಈಗ ಒಂದು ಕಾಲಂ ಇದೆ. ನಾಟಿಯ ತಿಂಗಳಲ್ಲಿ ಹತ್ತಿರದ ಯಾವ ಆಸ್ಪತ್ರೆಯಲ್ಲಿ ವಿಷನಿರೋಧಕ ಚುಚ್ಚುಮದ್ದು ದಾಸ್ತಾನಿದೆ ಎಂದು ಪಂಚಾಯಿತಿಯ ಗೋಡೆಯ ಮೇಲೆ ಬರೆಸುವುದು ಮಾತ್ರ ಬಾಕಿ.

ಕರಡಿನ ಕೊನೆಯ ಭಾಗದ ತಲೆಬರಹ ‘ಯೋಗಕ್ಷೇಮ’. ಅದರಲ್ಲಿ ಯೋಗ ದಿನಾಚರಣೆಗೆ ಶಾಮಿಯಾನ ಬಾಡಿಗೆ, ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ರ ಭಿತ್ತಿಪತ್ರ, ಇವೆರಡೇ ಸಾಲು. ನನಗೆ ಬೇಸರವಾದದ್ದು ಇಲ್ಲಿ, ಏಕೆಂದರೆ ಮಾನಸಿಕ ಆರೋಗ್ಯವನ್ನು ಹಳ್ಳಿಯ ಆಸ್ಪತ್ರೆಗೆ ತಂದ ಯೋಜನೆ ದೇಶಕ್ಕೆ ಸಿಕ್ಕಿದ್ದು ನಮ್ಮ ನೆರೆಯಿಂದ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಐದು ವರ್ಷಗಳ ಪ್ರಯೋಗ ಕೈಗೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ, ತೀರಾ ಅಗತ್ಯವಾದ ಕೆಲವೇ ಔಷಧಗಳು, ಸರಳವಾದ ದಾಖಲೆ ಪುಸ್ತಕ, ಜಿಲ್ಲಾ ಮಟ್ಟದಿಂದ ನಿಯತವಾದ ಮೇಲ್ವಿಚಾರಣೆ, ಇಷ್ಟೇ ಅದರ ಸಾಮಗ್ರಿ. ಮೂರ್ಛೆರೋಗವೂ ತೀವ್ರ ಮಾನಸಿಕ ಕಾಯಿಲೆಗಳೂ ಮಂತ್ರವಾದಿಯ ಮನೆಗೆ ಹೋಗುವ ಬದಲು ಪಕ್ಕದೂರಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಕಾಣಬಲ್ಲವು ಎಂದು ಅದು ತೋರಿಸಿಕೊಟ್ಟಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯ ಮಾದರಿಯೇ ತಳಹದಿ. ಅಂಥ ನೆರೆಹೊರೆಯಲ್ಲಿದ್ದು ನಾವು ಶಾಮಿಯಾನಕ್ಕೆ ನಿಲ್ಲುವುದು ಸರಿಯಲ್ಲ. ಸಾಲದ ಕಂತು ಕಟ್ಟುವ ತಿಂಗಳು, ಬೆಳೆ ಒಣಗಿದ ವರ್ಷ, ಗುಳೆ ಹೋದ ಮಕ್ಕಳ ದಾರಿ ಕಾಯುತ್ತ ಒಂಟಿಯಾಗಿ ಉಳಿಯುವ ವೃದ್ಧರು ಎಲ್ಲವೂ ಊರಿಗೆ ಗೊತ್ತಿರುವ ಸಂಗತಿಗಳು. ಗುಳೆಯ ತಿಂಗಳುಗಳಲ್ಲಿ ಒಂಟಿ ವೃದ್ಧರ ಮನೆಗೆ ಬಿ.ಪಿ. ಮಾತ್ರೆ ಮುಟ್ಟುತ್ತಿದೆಯೇ ಎಂದು ನೋಡುವುದನ್ನು ಸಮುದಾಯ ಆರೋಗ್ಯ ಅಧಿಕಾರಿಯ ತಿರುಗಾಟದ ಪಟ್ಟಿಗೆ ಸೇರಿಸಿ ಎಂದಷ್ಟೇ ಕೇಳಿದೆ.

ಹಣದ ಮಾತು. ನಮ್ಮ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಯ ಮುಕ್ತ ನಿಧಿ ಇದೆ. ಆರ್ಥಿಕ ವರ್ಷ ಏಪ್ರಿಲಿನಲ್ಲಿ ಶುರುವಾಗುತ್ತದೆ, ಹಣ ಖಾತೆಗೆ ಬೀಳುವುದು ಮಳೆಗಾಲ ಕಳೆದ ಮೇಲೆ. ಮಾರ್ಚಿನೊಳಗೆ ಖರ್ಚು ತೋರಿಸಬೇಕೆಂಬ ಅವಸರದಲ್ಲಿ ಯಾವುದೋ ಕುರ್ಚಿ, ಯಾವುದೋ ಬೋರ್ಡು ಬರುತ್ತದೆ. ಅತಿ ಹೆಚ್ಚು ಅಗತ್ಯವಿರುವ ಏಪ್ರಿಲ್, ಮೇ, ಜೂನ್ ತಿಂಗಳಲ್ಲಿ ಖಾತೆ ಬರಿದು. ಇದನ್ನು ಪಂಚಾಯಿತಿ ಬದಲಿಸಲಾರದು. ಆದರೆ ಸ್ವಂತ ಸಂಪನ್ಮೂಲದಿಂದ, ಅಂದರೆ ಮನೆಗಂದಾಯ ಮತ್ತು ನೀರಿನ ಕರದಿಂದ, ಆ ಮೂರು ತಿಂಗಳಿಗೆಂದು ಒಂದು ಸಣ್ಣ ಮೊತ್ತವನ್ನು ಎತ್ತಿಡಲು ಅಡ್ಡಿಯಿಲ್ಲ.

ಈ ಎಲ್ಲವನ್ನೂ ಬರೆದು, ಜೊತೆಗೆ ಹನ್ನೆರಡು ತಿಂಗಳ ಒಂದು ಪುಟದ ಕೋಷ್ಟಕ ಮಾಡಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿ.ಡಿ.ಓ.) ಅವರಿಗೆ ಕೊಟ್ಟೆ. ಸಭೆಯಲ್ಲಿ ಅದನ್ನು ಸಾಲುಸಾಲಾಗಿ ಓದಲಾಯಿತು. ದಸರಾಕ್ಕೆ ಮೊದಲು ಗರ್ಭಿಣಿಯರ ಪರೀಕ್ಷೆ, ಆಗಸ್ಟಿನ ಮಾತ್ರೆ, ಮೇ ತಿಂಗಳ ನೀರಿನ ಪರೀಕ್ಷೆ ಕರಡಿಗೆ ಸೇರಿದವು. ಆಶಾ ಕಾರ್ಯಕರ್ತೆಯ ನೋಟುಬುಕ್ಕಿನ ಮಾದರಿಯಲ್ಲಿ ಪಂಚಾಯಿತಿಯೇ ಒಂದು ಗುಳೆ ಪುಸ್ತಕ ಅಚ್ಚು ಹಾಕಿಸುವುದೆಂದಾಯಿತು, ಬರೆಯುವ ಹೊರೆ ಮತ್ತೆ ಅವರ ಮೇಲೆಯೇ ಬೀಳಬಾರದೆಂದು ಪಂಚಾಯಿತಿಯ ಡೇಟಾ ಎಂಟ್ರಿ ಆಪರೇಟರ್‌ಗೆ ಒಪ್ಪಿಸಲಾಯಿತು. ಉದ್ಯೋಗ ಖಾತ್ರಿಯ ಹೊತ್ತು ಬದಲಿಸುವುದನ್ನು ತಾಲ್ಲೂಕು ಪಂಚಾಯಿತಿಗೆ ಬರೆದು ಕೇಳಬೇಕಂತೆ. ಎಣ್ಣೆ ಹೊಡೆಯುವ ಸಾಲನ್ನು ಮಾತ್ರ “ಅದು ಕೃಷಿ ಇಲಾಖೆದು ಬರ್ತದ ಸರ್” ಎಂದು ಬಿಡಲಾಯಿತು. ಕೂಲಿಯವರಿಗೆ ಕೈಗವಸು, ಮಾಸ್ಕು ಮತ್ತು ಒಂದು ದಿನದ ತರಬೇತಿ ಕೊಡಿಸುವ ಬಗ್ಗೆ ರೈತ ಸಂಪರ್ಕ ಕೇಂದ್ರಕ್ಕೆ ಪತ್ರ ಬರೆಯಲು ನನಗೇ ಹೇಳಿದ್ದಾರೆ; ಪತ್ರ ಸಿದ್ಧವಿದೆ, ಸೋಮವಾರ ಕೊಟ್ಟು ಸ್ವೀಕೃತಿ ಪಡೆದು ಬರುತ್ತೇನೆ.